ಸ್ಲೈಡಿನ ಮೇಲೆ ಬರೆದ ಹೊತ್ತು

ಅಣ್ಣ ಏನನ್ನೂ ಬಿಸಾಡುವ ಜಾಯಮಾನದವನಲ್ಲ ಎಂದು ಮುತ್ತುರಾಜನಿಗೆ ಗೊತ್ತಿತ್ತು. ಆದರೂ ಬೆಳಗ್ಗೆಯಿಂದ ಅವನು ಇಲಿಗಳನ್ನೂ ಗೆದ್ದಲನ್ನೂ ನಂಬಿಕೊಂಡಿದ್ದ. ಹನ್ನೊಂದು ವರ್ಷ ಎಂದರೆ ಸುಮ್ಮನೆ ಅಲ್ಲ. ಚಾಮರಾಜಪೇಟೆಯ ಆ ಮನೆಯ ಅಟ್ಟ ಎರಡು ಸಲವಾದರೂ ಸೋರಿದೆ, ಸುಣ್ಣ ಹೊಡೆಸುವಾಗ ಟ್ರಂಕುಗಳನ್ನು ಹೊರಗೆ ಹಾಕಿದ್ದಾರೆ, ಅತ್ತಿಗೆ ಹಳೇ ಪೇಪರಿನವನಿಗೆ ಕಟ್ಟುಗಟ್ಟಲೆ ಕೊಟ್ಟಿದ್ದಾಳೆ. ಅಂಗೈ ಅಗಲದ ಒಂದು ಕಾಗದ ಕಳೆದುಹೋಗುವುದಕ್ಕೆ ಇಷ್ಟೆಲ್ಲ ದಾರಿ ಇರುವಾಗ ಅದು ಉಳಿದುಕೊಳ್ಳುವುದೇ ಕಷ್ಟ ಎಂದುಕೊಂಡ. ಹಾಗೆಂದುಕೊಳ್ಳುತ್ತಲೇ ಮೈಕ್ರೋಸ್ಕೋಪಿನಲ್ಲಿ ಎಣಿಸುತ್ತಿದ್ದ ಬಿಳಿಕಣಗಳ ಲೆಕ್ಕ ತಪ್ಪಿಹೋಯಿತು. ಯಾರದೋ ರಕ್ತ, ಮಲ್ಲೇಶ್ವರದ ಯಾವುದೋ ಅಡ್ಡರಸ್ತೆಯ ಯಾರೋ ಹೆಂಗಸಿನದು. ಮೂರನೆಯ ಸಲ ಮತ್ತೆ ಒಂದರಿಂದ ಶುರು ಮಾಡಿದ. ಪಕ್ಕದ ಟೇಬಲ್ಲಿನ ಸುಮನ್, ಲ್ಯಾಬಿಗೆ ಸೇರಿ ಎರಡು ವರ್ಷ ಆಗಿಲ್ಲ, ಮೆಷಿನ್ನೇ ಎಣಿಸಿ ಕೊಟ್ಟಿರುವಾಗ ನೀವ್ಯಾಕೆ ಸಾರ್ ಕಣ್ಣು ಹಾಳು ಮಾಡಿಕೊಳ್ತೀರಿ ಎಂದು ಕೇಳಿದ. ಮುತ್ತುರಾಜ ಎಣಿಕೆ ಮುಂದುವರಿಸಿದ. ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಕರಾರುವಾಕ್ಕಾದ ಮನುಷ್ಯ ಎನ್ನುತ್ತಿದ್ದರು, ಅದನ್ನು ಕೇಳಿದಾಗೆಲ್ಲ ಅವನಿಗೆ ಹಿಂದಿನಿಂದ ಯಾರೋ ನಕ್ಕ ಹಾಗಾಗುತ್ತಿತ್ತು.

ಅತ್ತಿಗೆ ಸುಂದರಮ್ಮ ಹತ್ತು ಗಂಟೆಗೆ ಫೋನು ಮಾಡಿ ಹೇಳಿದ್ದು ಇಷ್ಟೇ: ಸಂಜೆ ನಾಲ್ಕಕ್ಕೆ ಬಸವನಗುಡಿಯ ಹೃದಯದ ಡಾಕ್ಟರ ಹತ್ತಿರ ಹೋಗಬೇಕು, ಅವರು ಹೇಳುವುದು ನಮಗೆ ಅರ್ಥವಾಗುವುದಿಲ್ಲ, ನೀನೂ ಬರಬೇಕಂತೆ. ಫೋನಿಡುವ ಮೊದಲು, ಏನೋ ಮರೆತದ್ದನ್ನು ನೆನೆಸಿಕೊಂಡವಳ ಹಾಗೆ, "ಹಳೇ ರಿಪೋರ್ಟೆಲ್ಲ ಟ್ರಂಕಿಂದ ತೆಗ್ದಿಟ್ಕೊಂಡಿದಾರೆ ನಿಮ್ಮಣ್ಣ. ಒಂದೂ ಕಳ್ದಿಲ್ಲ ಮುತ್ತು, ದೇವ್ರು ದೊಡ್ಡೋನು," ಎಂದಳು. ದೇವರು ದೊಡ್ಡವನು ಎನ್ನುವುದಕ್ಕೆ ಇವಳಿಗೆ ಇದೇ ಹೊತ್ತು ಸಿಕ್ಕಿತೇ ಎಂದು ಅವನಿಗೆ ಅತ್ತಿಗೆಯ ಮೇಲೂ ದೇವರ ಮೇಲೂ ಸಿಟ್ಟು ಬಂತು. ಅಣ್ಣ ಮನೋಹರನ ರಕ್ತವನ್ನು ಕಳೆದ ವಾರ ತಾನೇ ನೋಡಿದ್ದ. ಇಯೋಸಿನೋಫಿಲ್ ಎಂಬ ಬಿಳಿಕಣಗಳು ಸರಿಯಾದ ಮೈಯಲ್ಲಿ ನೂರಕ್ಕೆ ಮೂರೋ ನಾಲ್ಕೋ ಇರಬೇಕು. ಹೊಟ್ಟೆಗೋ ರಕ್ತಕ್ಕೋ ಹುಳು ಸೇರಿದರೆ ಅದನ್ನು ಹೊಡೆಯಲು ಮೈ ಇವುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಬಣ್ಣ ಹಾಕಿದ ಸ್ಲೈಡಿನಲ್ಲಿ ಅವನ್ನು ಗುರುತಿಸುವುದು ಸುಲಭ, ಒಳಗೆ ಕನ್ನಡಕದ ಎರಡು ಗಾಜಿನ ಹಾಗೆ ಜೋಡಿ ತುಂಡು, ಸುತ್ತ ಕಿತ್ತಳೆ ಬಣ್ಣದ ಕಾಳು. ಅಣ್ಣನ ಸ್ಲೈಡಿನಲ್ಲಿ ನೂರಕ್ಕೆ ಅರವತ್ತೆರಡು ಇದ್ದವು. ಎತ್ತ ಸರಿಸಿದರೂ ಅವೇ, ಅಷ್ಟೂ ಕನ್ನಡಕಗಳು ಗಾಜಿನಾಚೆಯಿಂದ ಅವನನ್ನೇ ನೋಡುತ್ತಿದ್ದವು. ಹನ್ನೊಂದು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಇಷ್ಟೇ ಇದ್ದವು ಎಂಬುದು ನೆನಪಾಗಿ, ಎದ್ದು ಹೋಗಿ ಕೈ ತೊಳೆದುಕೊಂಡು ಬಂದಿದ್ದ.

ಮೂರು ಗಂಟೆಗೆ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿದಾಗ ಸೀಟು ಸಿಕ್ಕಿದರೂ ಕೂರಲಿಲ್ಲ. ಕೈಯನ್ನು ಮೂಗಿನ ಹತ್ತಿರ ತಂದು ನೋಡಿಕೊಂಡ. ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಹನ್ನೊಂದು ವರ್ಷದಿಂದ ಈ ಚಾಳಿ. ಆ ವರ್ಷ ಬುದ್ಧ ಪೂರ್ಣಿಮೆಯ ದಿನ ಅಣ್ಣನ ಮನೆಯಲ್ಲಿ ಊಟ, ನೆಂಟರಿಷ್ಟರು ಹಜಾರದ ತುಂಬ ಸಾಲಾಗಿ ಕೂತಿದ್ದರು, ಮುತ್ತುರಾಜನ ಹೆಂಡತಿ ಹೇಮಶ್ರೀಯ ತವರಿನವರೂ ಬಂದಿದ್ದರು. ಅವನು ಪಾಯಸದ ಪಾತ್ರೆ ಹಿಡಿದು ಮಾವನ ಎಲೆಯ ಮುಂದೆ ಬಗ್ಗಿದ್ದ. ಅಣ್ಣ ಸಾಲಿನ ತುದಿಯಿಂದ ಕೂಗಿ ಹೇಳಿದ: "ಲೋ ಮುತ್ತು, ಆ ಪಾತ್ರೆ ಬೇರೆಯವ್ರಿಗೆ ಕೊಡು. ಬೆಳಿಗ್ಗೆಯಿಂದ ಮಲ್ಲೇಶ್ವರದವರ ಕಕ್ಕಸಿನ ಡಬ್ಬಿ ಬಿಚ್ಚಿರೋ ಕೈ ಅದು." ಮೊದಲು ನಕ್ಕವರು ಯಾರು ಎಂದು ಅವನು ಈಗಲೂ ಹುಡುಕುತ್ತಾನೆ. ಮಾವ ನಗಲಿಲ್ಲ, ಎಲೆಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡ. ಹೇಮಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಮಾತ್ರ ಅಲುಗುತ್ತಿತ್ತು. ಯಾರು ಬಡಿಸಬಹುದು ಯಾರು ಬಡಿಸಬಾರದು ಎಂಬ ಮಾತನ್ನು ಅವರ ಅಪ್ಪ, ತಾತ, ತಾತನ ಅಪ್ಪ ಎಲ್ಲರೂ ಹೊರಗಿನವರ ಬಾಯಲ್ಲಿ ಕೇಳಿಸಿಕೊಂಡು ಬಂದವರು. ಆ ಮಾತು ಇಲ್ಲದ ಒಂದು ಮನೆ ಇರಲಿ ಎಂದೇ ಅಪ್ಪ ಆ ಹಜಾರದ ಗೋಡೆಗೆ ಬಾಬಾಸಾಹೇಬರ ಪಟ ತೂಗುಹಾಕಿದ್ದ. ಅದೇ ಪಟದ ಕೆಳಗೆ ಕೂತು ಅಣ್ಣ ಆ ಮಾತನ್ನು ಆಡಿದ, ತಮಾಷೆಗೆ ಆಡಿದ, ಆಡಿ ಮರೆತು ಇನ್ನೊಂದು ಹಪ್ಪಳ ಕೇಳಿದ. ಮುತ್ತುರಾಜ ಪಾತ್ರೆಯನ್ನು ನೆಲದ ಮೇಲಿಟ್ಟು ಹಿತ್ತಲಿಗೆ ಹೋದ.

ಚಿಕ್ಕಪೇಟೆಯಲ್ಲಿ ಬಟ್ಟೆಯ ಗಂಟು ಹೊತ್ತವರು ಹತ್ತಿ ಅವನನ್ನು ಬಾಗಿಲಿಗೆ ಒತ್ತಿದರು. ಒತ್ತಿಸಿಕೊಂಡು ನಿಂತದ್ದು ಒಂದು ಲೆಕ್ಕಕ್ಕೆ ಹಿತವಾಗಿಯೇ ಇತ್ತು. ಆ ಪೂರ್ಣಿಮೆಯ ದಿನ ಅವನು ಅಣ್ಣನ ಮನೆಯಿಂದ ಹಾಗೇ ಹೊರಟುಬರುವಂತಿರಲಿಲ್ಲ, ಯಾಕೆಂದರೆ ಚೀಲದಲ್ಲಿ ಸೂಜಿ, ಸ್ಲೈಡು, ಹತ್ತಿ ತಂದಿದ್ದ. ಅಣ್ಣನಿಗೆ ಎರಡು ತಿಂಗಳಿಂದ ರಾತ್ರಿ ಹೊತ್ತು ಬಿಡದ ಕೆಮ್ಮು. ನೀರಾವರಿ ಇಲಾಖೆಯ ಜೀಪು ಓಡಿಸಿಕೊಂಡು ಹದಿನಾಲ್ಕು ವರ್ಷ ಶಹಾಪುರದ ಕಡೆ ಇದ್ದು ಬಂದವನು, ಅಲ್ಲಿ ಆನೆಕಾಲು ರೋಗದ ಹುಳು ಹೆಚ್ಚು, ರಾತ್ರಿ ಹತ್ತರ ಮೇಲೆ ರಕ್ತ ತೆಗೆದು ನೋಡಿ ಎಂದು ಆಗಿನ ಡಾಕ್ಟರು ಬರೆದುಕೊಟ್ಟಿದ್ದರು. ರಾತ್ರಿಯೇ ಯಾಕೆ ಎಂಬುದನ್ನು ಮುತ್ತುರಾಜ ಪುಸ್ತಕದಿಂದ ಕಲಿತವನಲ್ಲ. ಅಪ್ಪ ಮುನಿರಾಮಪ್ಪ ಕಾರ್ಪೊರೇಷನ್ನಿನ ಮಲೇರಿಯಾ ವಿಭಾಗದಲ್ಲಿ ಮೋರಿಗಳಿಗೆ ಎಣ್ಣೆ ಹೊಡೆಯುವ ಕೆಲಸದಲ್ಲಿದ್ದ. ಸೀಮೆಎಣ್ಣೆ ನಾರುವ ಮೈಯಲ್ಲೇ ಚಾಪೆಯ ಪಕ್ಕ ಕೂತು ಕಥೆ ಹೇಳುತ್ತಿದ್ದ. ಆ ಹುಳುವಿನ ಮರಿಗಳು ಹಗಲೆಲ್ಲ ಮೈಯ ಆಳದಲ್ಲಿ ಅಡಗಿರುತ್ತವೆ ಮಗಾ, ಊರು ಮಲಗಿ ಸೊಳ್ಳೆ ಕಚ್ಚುವ ಹೊತ್ತಾಯಿತೋ, ಆಗ ಚರ್ಮದ ಹತ್ತಿರ ಬರುತ್ತವೆ, ಸೊಳ್ಳೆಯ ಹೊಟ್ಟೆ ಸೇರಿದರೆ ಇನ್ನೊಂದು ಮನೆಗೆ ಹೋಗಬಹುದಲ್ಲ ಅಂತ. ಹಗಲು ಹೊತ್ತು ಹುಡುಕಿದರೆ ಬೆಪ್ಪನ ಹಾಗೆ ಬರಿಗೈಲಿ ಬರಬೇಕು. ಕತ್ತಲೆಯಲ್ಲಿ ಆ ಮಾತು ಕೇಳಿ ಏಳು ವರ್ಷದ ಮುತ್ತು ತನ್ನ ಕೈಯನ್ನೇ ಮುಟ್ಟಿ ಮುಟ್ಟಿ ನೋಡಿಕೊಂಡಿದ್ದ. ಅಪ್ಪ ತನಗೆ ಬಿಟ್ಟುಹೋದದ್ದು ಅದೊಂದೇ ಆಸ್ತಿ ಎಂದು ಅವನು ನಂಬಿದ್ದ, ಮನೆಯಂತೂ ಅಣ್ಣನ ಪಾಲಾಗಿತ್ತು.

ಅವತ್ತು ಸಂಜೆ ಆರೂವರೆ. ನೆಂಟರು ಹೊರಟು, ಹಜಾರದ ನೆಲ ಒರೆಸಿ ಆಗಿತ್ತು. ಹೇಮಶ್ರೀ ತವರಿನವರ ಜೊತೆ ಹೋಗಿದ್ದಳು. ಹನ್ನೊಂದಕ್ಕೆ ರಕ್ತ ತೆಗೆಯಬೇಕಾದರೆ ಇನ್ನು ನಾಲ್ಕೂವರೆ ಗಂಟೆ ಆ ಮನೆಯಲ್ಲಿ, ಆ ಪಟದ ಕೆಳಗೆ, ಅಣ್ಣನ ಕೆಮ್ಮು ಕೇಳುತ್ತ ಕೂರಬೇಕಿತ್ತು. ರಾತ್ರಿ ಊಟಕ್ಕೆ ಮತ್ತೆ ಎಲೆ ಹಾಕುವವರಿದ್ದರು. ಕಕ್ಕಸು ಎಂಬ ಮಾತು ಬಾಯಿಂದ ಬಿದ್ದ ಜಾಗದಲ್ಲೇ ಇನ್ನೊಮ್ಮೆ ಅನ್ನ ಕಲಸುವುದು ಅವನಿಂದ ಆಗುತ್ತಿರಲಿಲ್ಲ. ಕೈ ಕೊಡು ಅಣ್ಣ, ಈಗಲೇ ತೆಗೆದುಬಿಡುತ್ತೇನೆ ಎಂದ. ಅಣ್ಣ ಒಂದು ಸಲ ಗೋಡೆ ಗಡಿಯಾರ ನೋಡಿದ, ಒಂದು ಸಲ ಇವನ ಮುಖ ನೋಡಿದ, ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಿಸಿ ಕೈ ಚಾಚಿದ. ಮುತ್ತುರಾಜ ಬೆರಳು ಚುಚ್ಚಿ, ಮೂರು ಹನಿ ಸ್ಲೈಡಿನ ಮೇಲೆ ಹರಡಿ, ಅಲ್ಲೇ ಅಣ್ಣನ ಮಂಚದ ತುದಿಯಲ್ಲಿ ಕೂತು ಗಾಜಿನ ಅಂಚಿಗೆ ಹೆಸರು ಬರೆದ, ತಾರೀಕು ಬರೆದ, ರಾತ್ರಿ 11.00 ಎಂದು ಬರೆದ. ಮಾರನೆಯ ದಿನ ಸ್ಲೈಡಿನ ಮೂಲೆ ಮೂಲೆ ಹುಡುಕಿದ, ಪ್ರಾಮಾಣಿಕವಾಗಿಯೇ ಹುಡುಕಿದ, ಎಷ್ಟೊಂದು ಪ್ರಾಮಾಣಿಕವಾಗಿ ಎಂದರೆ ಸಂಜೆಯ ರಕ್ತದಲ್ಲಿ ಏನೂ ಸಿಕ್ಕದೆಂದು ಗೊತ್ತಿದ್ದೂ ಸಿಕ್ಕಲಿಲ್ಲವಲ್ಲ ಎಂದು ನಿರಾಸೆಪಟ್ಟ. ರಾತ್ರಿ 11.00ರ ರಕ್ತದಲ್ಲಿ ಹುಳು ಕಂಡುಬಂದಿಲ್ಲ ಎಂದು ರಿಪೋರ್ಟು ಹೋಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಡಾಕ್ಟರು ಕೆಮ್ಮಿಗೆ ಆಸ್ತಮಾ ಎಂದು ಹೆಸರಿಟ್ಟು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು.

ಆಮೇಲಿನ ವರ್ಷಗಳಲ್ಲಿ ಅಣ್ಣ ಕೆಮ್ಮಿದಾಗೆಲ್ಲ ಮುತ್ತುರಾಜನ ಒಳಗೆ ಎರಡು ಸಂಗತಿ ಒಟ್ಟಿಗೆ ನಡೆಯುತ್ತಿದ್ದವು. ಮೊದಲು ಒಂದು ಸಮಾಧಾನ, ಬೇಕಾದಷ್ಟು ಉಪ್ಪು ಬಿದ್ದ ಸಾರಿನ ರುಚಿಯಂಥ ಸಮಾಧಾನ. ಅದರ ಹಿಂದೆಯೇ ಹೆದರಿಕೆ. ಹಬ್ಬಕ್ಕೆ, ಸಾವಿಗೆ, ನಾಮಕರಣಕ್ಕೆ ಸೇರಿದಾಗ ಅಣ್ಣ ಎಂದಿನಂತೆ ಅವನ ಲ್ಯಾಬನ್ನೂ ಸಂಬಳವನ್ನೂ ಹೆಂಡತಿಯನ್ನೂ ಆಡಿಕೊಳ್ಳುತ್ತಿದ್ದ, ಇವನು ತಲೆ ತಗ್ಗಿಸಿ ಆ ಎದೆಯ ಗೊರಗೊರವನ್ನು ಕೇಳಿಸಿಕೊಳ್ಳುತ್ತಿದ್ದ. ಇನ್ನೊಂದು ಸಲ ರಾತ್ರಿ ರಕ್ತ ತೆಗೆಯೋಣ ಎಂದು ಹೇಳಲು ಒಂದು ನೂರು ಸಲವಾದರೂ ಬಾಯಿ ತೆರೆದಿದ್ದಾನೆ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದಾನೆ. ಹೋದ ವರ್ಷದಿಂದ ಅಣ್ಣನಿಗೆ ಕಾಲು ಊದಿಕೊಂಡಿತು, ಹಜಾರದಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಲ್ಲುವಂತಾಯಿತು.

ನ್ಯಾಷನಲ್ ಕಾಲೇಜಿನ ಹತ್ತಿರ ಇಳಿದು ನಡೆದು ಹೋದಾಗ ಅಣ್ಣ ಅತ್ತಿಗೆ ಆಗಲೇ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದರು. ಅಣ್ಣನ ತೋಳು ಕಡ್ಡಿಯಾಗಿ ಹೊಟ್ಟೆ ಮಾತ್ರ ಮುಂದೆ ಬಂದಿತ್ತು, ಊದಿದ ಪಾದಕ್ಕೆ ಚಪ್ಪಲಿಯ ಪಟ್ಟಿ ಹಾಕಲಾಗದೆ ಹಾಗೇ ಎಳೆದುಕೊಂಡು ಬಂದಿದ್ದ. ದನಿ ಮಾತ್ರ ಹಳೆಯದೇ. ಬಂದೆಯಾ ಡಾಕ್ಟ್ರೇ ಎಂದು ಇವನನ್ನೇ ಕೇಳಿ, ಕೂತಿದ್ದ ರೋಗಿಗಳೆಲ್ಲ ತಿರುಗಿ ನೋಡುವ ಹಾಗೆ ನಕ್ಕು, ನಗು ಮುಗಿಯುವುದರೊಳಗೆ ಉಸಿರು ಸಿಕ್ಕದೆ ಬೆಂಚಿನ ಅಂಚು ಹಿಡಿದ. ಅವನ ತೊಡೆಯ ಮೇಲೆ ದಾರ ಕಟ್ಟಿದ ಕಡತ. ಮುತ್ತುರಾಜ ಅದನ್ನು ಬಿಟ್ಟು ಬೇರೆಲ್ಲವನ್ನೂ ನೋಡಿದ.

ಡಾಕ್ಟರ್ ಮಾನ್ಯ ಚಿಕ್ಕ ವಯಸ್ಸಿನವರು, ಮೂವತ್ತೈದು ದಾಟಿರಲಾರದು, ಕಾಗದಗಳನ್ನು ಒಂದೊಂದಾಗಿ ತಿರುವಿಹಾಕುವಾಗ ಬೆರಳು ಎಲ್ಲೂ ಅವಸರಪಡುತ್ತಿರಲಿಲ್ಲ. ಎಕೋ ಪರೀಕ್ಷೆಯ ಚಿತ್ರ ತೋರಿಸಿ ಹೇಳಿದರು: ಹೃದಯದ ಒಳಗೋಡೆ ಗಟ್ಟಿಯಾಗಿಬಿಟ್ಟಿದೆ, ಗಾಯ ಮಾಗಿದ ಜಾಗದ ಚರ್ಮದ ಹಾಗೆ, ಹಿಗ್ಗಬೇಕಾದಾಗ ಹಿಗ್ಗುವುದಿಲ್ಲ, ಅದಕ್ಕೇ ನೀರೆಲ್ಲ ಕಾಲಿಗೂ ಹೊಟ್ಟೆಗೂ ಇಳಿದಿದೆ. ಇದಕ್ಕೆ ರಕ್ತದಲ್ಲಿ ಏರಿರುವ ಆ ಬಿಳಿಕಣಗಳೇ ಕಾರಣ ಎಂದು ಅನುಮಾನ, ಮೈಗೆ ಹುಳು ಸೇರಿದಾಗ ಅವು ಹೀಗೆ ಏರುವುದುಂಟು. ಅತ್ತಿಗೆಗೆ ಅರ್ಥವಾದದ್ದು ಹುಳು ಎಂಬ ಒಂದೇ ಮಾತು. ಹಾಗಾದರೆ ಹುಳು ಹೃದಯ ತಿಂದುಹಾಕಿತೇ ಎಂದು ಕೇಳಿದಳು. ಡಾಕ್ಟರು ಕಾಗದದಿಂದ ತಲೆಯೆತ್ತಿದರು.

"ಹುಳು ಹಾರ್ಟಿಗೆ ಬರೋದೇ ಇಲ್ಲಮ್ಮ. ಅದು ಬೇರೆಲ್ಲೋ ಇರುತ್ತೆ, ಇಷ್ಟು ಹೊತ್ತಿಗೆ ಸತ್ತೂ ಹೋಗಿರಬಹುದು. ಅದನ್ನ ಹೊಡೆಯೋಕೆ ಅಂತ ಇವ್ರ ಮೈಯೇ ಮಾಡ್ಕೊಂಡ ಕಣಗಳು ಇವು. ವರ್ಷಗಟ್ಟಲೆ ಜಾಸ್ತಿ ಇದ್ರೆ ಹಾರ್ಟಲ್ಲಿ ಹೋಗಿ ಕೂತ್ಕೊಂಡು ಅದನ್ನೇ ಸುಡ್ತವೆ. ಹುಳು ಮಾಡೋದಕ್ಕಿಂತ ಹುಳು ಮೇಲಿನ ಸಿಟ್ಟು ಮಾಡೋದೇ ಜಾಸ್ತಿ."

ಅಣ್ಣ ಆ ಮಾತಿಗೆ ಗಂಟಲಲ್ಲಿ ಏನೋ ಸದ್ದು ಮಾಡಿದ. ಡಾಕ್ಟರು ಅಷ್ಟರಲ್ಲಿ ಇನ್ನೊಂದು ಕಾಗದ ತಿರುವಿದ್ದರು. ಅಂಗೈ ಅಗಲದ್ದು, ಅಂಚು ಹಳದಿಯಾಗಿದ್ದರೂ ಒಂದು ಮಡಿಕೆಯೂ ಇರಲಿಲ್ಲ, ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು ಕಾಪಾಡಿದ್ದರು. ಕೆಳಗೆ ಮುತ್ತುರಾಜನ ಚಿಕ್ಕ ಸಹಿ. ಡಾಕ್ಟರು ಓದಿಕೊಂಡು, ಶಹಾಪುರ ಎಂದಾಗ ತಾನು ಮೊದಲು ನೆನೆಸಿದ್ದು ಆನೆಕಾಲಿನ ಹುಳುವನ್ನೇ, ಆದರೆ ಆಗಲೇ ರಾತ್ರಿ ರಕ್ತ ನೋಡಿ ಇಲ್ಲ ಎಂದಿದ್ದಾರೆ, ಒಳ್ಳೆಯದೇ ಆಯಿತು, ಆ ದಾರಿ ಬಿಡೋಣ ಎಂದರು. ಇನ್ನು ನೋಡಬೇಕಾದದ್ದು ರಕ್ತದ ಕ್ಯಾನ್ಸರು. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆಯಬೇಕು, ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ, ಅಲ್ಲಿ ಸರದಿ ಸಿಕ್ಕಲು ಎರಡು ಮೂರು ವಾರ ಆಗಬಹುದು. ಪೆನ್ನು ತೆಗೆದುಕೊಂಡು, ಬರೆಯುವ ಮೊದಲು ಸುಮ್ಮನೆ ಎಂಬಂತೆ ಮುತ್ತುರಾಜನ ಕಡೆ ನೋಡಿ ಕೇಳಿದರು: "ಇದು ಹನ್ನೊಂದು ಗಂಟೆಗೇ ತೆಗ್ದಿದ್ದಲ್ವಾ?"

ಅವನು ಬಾಯಿ ತೆರೆಯುವ ಮೊದಲೇ ಅಣ್ಣನ ದನಿ ಬಂತು.

"ಹೌದು ಡಾಕ್ಟ್ರೇ, ಹನ್ನೊಂದೇ. ನನ್ನ ತಮ್ಮನೇ ಬಂದು ತೆಗ್ದ. ನಾನು ನಿದ್ದೆಗೆಟ್ಟು ಕೂತಿದ್ದೆ."

ಬದುಕಿದೆ ಎನಿಸಿದ್ದು ಮೊದಲು. ಅಣ್ಣನಿಗೆ ಮರೆತಿದೆ, ಪಾಪ, ವಯಸ್ಸಾಯಿತು ಎಂದುಕೊಂಡು ತಿರುಗಿ ನೋಡಿದ. ಅಣ್ಣ ಇವನನ್ನೇ ನೋಡುತ್ತಿದ್ದ. ಮರೆತವನ ಕಣ್ಣಲ್ಲ ಅದು. ಪಾಯಸದ ಪಾತ್ರೆ ಕೆಳಗಿಡಿಸಿದ ದಿನ ಇದ್ದ ಕಣ್ಣು, ತುಟಿಯ ಒಂದು ಮೂಲೆ ಸ್ವಲ್ಪ ಮೇಲೆದ್ದಿತ್ತು. ಡಾಕ್ಟರ ಪೆನ್ನು ಕಾಗದದ ಮೇಲೆ ಓಡತೊಡಗಿತು. ಮೂಳೆಗೆ ಹಾಕುವ ಆ ಸೂಜಿಯನ್ನು ಮುತ್ತುರಾಜ ಬಲ್ಲ, ಗಂಡಾಳುಗಳು ಹಲ್ಲು ಕಚ್ಚಿ ಅತ್ತದ್ದನ್ನು ಕಂಡಿದ್ದಾನೆ. ಹೋಗಲಿ, ಅನುಭವಿಸಲಿ ಎಂದು ಒಳಗಿಂದ ಒಂದು ಮಾತು ಬಂತು, ಅದನ್ನು ಅವನು ತಳ್ಳಿಹಾಕಲೂ ಇಲ್ಲ. ಅವನಿಂದ ತಡೆಯಲಾಗದ್ದು ಬೇರೆ. ಇನ್ನು ಮುಂದೆ ಅಣ್ಣ ಕೆಮ್ಮಿದಾಗ, ಅಣ್ಣ ಸತ್ತಾಗ, ಅಣ್ಣನ ತಿಥಿಯಲ್ಲಿ ಎಲೆಯ ಮುಂದೆ ಕೂತಾಗ ಕೂಡ ತಾನು ಈ ಮನುಷ್ಯನ ದಯೆಯಲ್ಲಿ ಉಳಿದವನು ಎಂಬುದು. ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಅಣ್ಣನ ಮೇಲಿನ ಕನಿಕರದಿಂದಂತೂ ಅಲ್ಲವೇ ಅಲ್ಲ, ಶುದ್ಧ ಹಗೆಯಿಂದ ಅವನ ಬಾಯಿ ತೆರೆದುಕೊಂಡಿತು.

"ಇಲ್ಲ ಮೇಡಂ. ಸಂಜೆ ಆರೂವರೆಗೆ ತೆಗ್ದಿದ್ದು. ಹನ್ನೊಂದು ಅಂತ ನಾನು ಬರ್ದಿದ್ದು."

ಪೆನ್ನು ನಿಂತಿತು. ಅತ್ತಿಗೆ ಯಾರ ಮುಖ ನೋಡಬೇಕೆಂದು ತಿಳಿಯದೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಹೃದಯವನ್ನು ನೋಡಿದಳು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಬಗ್ಗಿಸಿದ ತಲೆಗೆ ಒಂದು ಅರ್ಥವಾದರೂ ಇರುತ್ತಿತ್ತು. ನೀವು ಲ್ಯಾಬ್ ಟೆಕ್ನೀಶಿಯನ್ ಅಲ್ಲವೇ ಎಂದು ಅಷ್ಟೇ ಕೇಳಿದರು. ಹೌದು ಎಂದ. ಎಷ್ಟು ವರ್ಷದಿಂದ ಎಂದರು. ಇಪ್ಪತ್ತೈದು ಎಂದ. ಅವರು ಬರೆದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. ಅವತ್ತು ಸರಿಯಾದ ಹೊತ್ತಿಗೆ ತೆಗೆದಿದ್ದರೆ ಸಿಕ್ಕುತ್ತಿತ್ತೇ ಎಂದು ಅವನು ಕೇಳಿದ. ಸಿಕ್ಕುತ್ತಿತ್ತು ಎಂದರೆ ತಾನು ಕೊಲೆಗಾರ, ಸಿಕ್ಕುತ್ತಿರಲಿಲ್ಲ ಎಂದರೆ ನಿರಪರಾಧಿ. ಎರಡರಲ್ಲಿ ಯಾವುದಾದರೂ ಒಂದನ್ನು ಕೊಟ್ಟುಬಿಡಲಿ ಎಂದು ಅವರ ತುಟಿಯನ್ನೇ ನೋಡಿದ. ಡಾಕ್ಟರು ಎರಡನ್ನೂ ಕೊಡಲಿಲ್ಲ. ಕಣಗಳು ಇಷ್ಟು ಏರಿದವರಲ್ಲಿ ಎಷ್ಟೋ ಸಲ ನಡುರಾತ್ರಿ ತೆಗೆದರೂ ರಕ್ತದಲ್ಲಿ ಹುಳು ಇರುವುದೇ ಇಲ್ಲ, ಅದನ್ನು ಈಗ ಯಾರೂ ಹೇಳಲಾಗುವುದಿಲ್ಲ ಎಂದರು. ಹುಳುವೇ ಎಂದಾದರೆ ಮೂರು ವಾರದ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಕಣಗಳು ಇಳಿಯಬಹುದು. ಗಟ್ಟಿಯಾದ ಹೃದಯ ಮಾತ್ರ ಮೊದಲಿನಂತೆ ಆಗುವುದಿಲ್ಲ. ಇವತ್ತೇ ರಾತ್ರಿ ಮನೆಯಲ್ಲೇ ರಕ್ತ ತೆಗೆಸಿ, ಬೇಕಾದರೆ ಬೇರೆ ಯಾರನ್ನಾದರೂ ಕಳಿಸುತ್ತೇನೆ. ಬೇರೆ ಯಾರನ್ನಾದರೂ ಎಂಬುದನ್ನು ಅವರು ಮೆತ್ತಗೆ ಹೇಳಿದರು.

"ಬೇಡ," ಎಂದ ಅಣ್ಣ. "ಇವನೇ ತೆಗೀಲಿ."

ಅತ್ತಿಗೆ ಆಟೋ ಹಿಡಿಯಲು ಮುಂದೆ ಹೋದಳು. ಅಣ್ಣ ಕ್ಲಿನಿಕ್ಕಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟ, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಾಗಿತ್ತು. ಎದುರಿನ ಮರದ ಕೆಳಗೆ ಕಡಲೆಕಾಯಿಯವಳು ಸೇರಿನಲ್ಲಿ ಅಳೆದು ಅಳೆದು ಹಾಕುತ್ತಿದ್ದಳು. ಡಾಕ್ಟರ ಮುಂದೆ ನನ್ನನ್ನು ಸುಳ್ಳುಗಾರ ಮಾಡಿದೆಯಲ್ಲ ಎಂದ ಅಣ್ಣ, ನಿನ್ನ ಕೆಲಸ ಉಳಿಸೋಣ ಎಂದು ಹೇಳಿದರೆ. ನನ್ನ ಕೆಲಸ ಉಳಿಸು ಎಂದು ನಿನ್ನನ್ನು ಕೇಳಿದವರು ಯಾರು ಎಂದ ಮುತ್ತುರಾಜ. ಜೀವಮಾನದಲ್ಲಿ ಅಣ್ಣನಿಗೆ ಅಷ್ಟು ಗಟ್ಟಿಯಾಗಿ ಉತ್ತರ ಕೊಟ್ಟದ್ದು ಅದೇ ಮೊದಲು. ಆಮೇಲೆ ತನಗೇ ನಾಚಿಕೆಯಾಗುವಷ್ಟು ಸಣ್ಣ ದನಿಯಲ್ಲಿ, ಸಂಜೆ ತೆಗೆದದ್ದು ತಪ್ಪು ಎಂದು ನಿನಗೆ ಗೊತ್ತಿರಲಿಲ್ಲ, ತಪ್ಪು ನನ್ನದೇ ಎಂದ.

ಅಣ್ಣ ತಲೆಯೆತ್ತಿ ನೋಡಿದ.

"ಅಪ್ಪ ಹೇಳಿದ್ದು ನಿನಗೊಬ್ಬನಿಗೇನೋ? ಒಂದೇ ಚಾಪೆ ಮೇಲೆ ಮಲಗಿದ್ವಿ. ನಾನೂ ಎಚ್ಚರವಾಗೇ ಇದ್ದೆ."

ಕಡಲೆಕಾಯಿಯವಳು ಸೇರು ತುಂಬಿದಳು, ಸುರಿದಳು. ಮುತ್ತುರಾಜನಿಗೆ ಆ ಚಾಪೆ ಕಂಡಿತು, ಅಪ್ಪನ ಸೀಮೆಎಣ್ಣೆಯ ವಾಸನೆ ಬಂತು. ಅವನ ನೆನಪಿನಲ್ಲಿ ಆ ಚಾಪೆಯ ಮೇಲೆ ಅವನೊಬ್ಬನೇ ಇದ್ದ. ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಹದಿನೇಳು ವರ್ಷದ ಬೆನ್ನನ್ನು ಅವನು ಇಷ್ಟು ವರ್ಷ ಹೇಗೆ ಅಳಿಸಿಹಾಕಿದ್ದ?

"ಗೊತ್ತಿದ್ದೂ ಯಾಕೆ ಕೈ ಕೊಟ್ಟೆ?"

"ನೀನು ಏನ್ ಬರೀತೀಯ ನೋಡೋಣ ಅಂತ." ಅಣ್ಣ ಉಸಿರಿಗೆ ಕಾದ. "ಬರ್ದೆ, ನನ್ನ ಕಣ್ಮುಂದೇನೇ. ಊರಿಗೆಲ್ಲ ಸತ್ಯವಂತ ಆಗಿ ಓಡಾಡ್ತಿದ್ದೆ. ಇರ್ಲಿ, ಜುಟ್ಟು ಕೈಗೆ ಸಿಕ್ತು ಅಂದ್ಕೊಂಡೆ."

"ಆಮೇಲೆ ಬೇರೆ ಕಡೆ ತೆಗೆಸ್ಬೋದಿತ್ತು. ಹನ್ನೊಂದು ವರ್ಷ ಇತ್ತು ಅಣ್ಣ."

"ತೆಗೆಸಿದ್ರೆ ಜುಟ್ಟು ಬಿಟ್ಟ ಹಾಗಾಗ್ತಿತ್ತು," ಎಂದ ಅಣ್ಣ. ಹೇಳಿ ಅವನಿಗೇ ಆಶ್ಚರ್ಯವಾದವನಂತೆ ತನ್ನ ಊದಿದ ಪಾದಗಳನ್ನು ನೋಡುತ್ತ ಕೂತ. ಆಟೋ ಬಂದು ನಿಂತಿತು. ಎಬ್ಬಿಸಲು ಮುತ್ತುರಾಜ ಕೈ ಕೊಟ್ಟ. ಅಣ್ಣ ಆ ಕೈ ಬಿಟ್ಟು ಕಂಬಿ ಹಿಡಿದು ಎದ್ದ.

ಚಾಮರಾಜಪೇಟೆಯ ಮನೆ ಸೇರಿದಾಗ ಆರೂ ಇಪ್ಪತ್ತು. ಅತ್ತಿಗೆ ಬಂದವಳೇ ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದದ್ದಕ್ಕಿಂತ ಜೋರಾಗಿ ಇಡತೊಡಗಿದಳು. ಹಜಾರ ಹಾಗೇ ಇತ್ತು, ಅದೇ ಪಟ, ಅದೇ ಮಂಚ, ಗಡಿಯಾರ ಮಾತ್ರ ಬದಲಾಗಿತ್ತು. ಅಣ್ಣ ಮಲಗಲಾರದೆ ಮೂರು ದಿಂಬಿಗೆ ಒರಗಿ ಕೂತು ನೀರು ಕೇಳಿದ. ಮುತ್ತುರಾಜ ಹೂಜಿಯಿಂದ ಬಗ್ಗಿಸಿ ತಂದ ಲೋಟವನ್ನು ತೆಗೆದುಕೊಳ್ಳುವ ಮೊದಲು ಅಣ್ಣನ ಕಣ್ಣು ಒಂದು ಸಲ ಆ ಕೈಯ ಮೇಲೆ ನಿಂತಿತು. ಕೈ ತೊಳೆದುಕೊಂಡೆಯಾ ಎಂದು ಕೇಳಬಹುದು ಎಂದು ಇವನು ಕಾದ, ಕೇಳಿದರೆ ಲೋಟವನ್ನು ಮುಖಕ್ಕೆ ಎರಚಿಬಿಡುತ್ತೇನೆ ಎಂದು ನಿಶ್ಚಯಿಸಿಕೊಂಡೇ ಕಾದ. ಅಣ್ಣ ಕೇಳಲಿಲ್ಲ. ಎತ್ತಿ ಕುಡಿದ, ಅರ್ಧ ಎದೆಯ ಮೇಲೆ ಚೆಲ್ಲಿಕೊಂಡ. ಮುತ್ತುರಾಜ ಚೀಲದಿಂದ ಸ್ಲೈಡು ತೆಗೆದು, ಬಟ್ಟೆಯಿಂದ ಒರೆಸಿ, ಗಾಜಿನ ಅಂಚಿಗೆ ಅಣ್ಣನ ಹೆಸರು ಬರೆದ, ತಾರೀಕು ಬರೆದ. ಕೈ ಅಭ್ಯಾಸದಿಂದ ಇನ್ನೂ ಮುಂದಕ್ಕೆ ಹೋಗಿ ನಿಂತಿತು.

"ಬರ್ದುಬಿಡು," ಎಂದ ಅಣ್ಣ ಮಂಚದಿಂದ, ಕಣ್ಣು ಮುಚ್ಚಿಕೊಂಡೇ. "ಗಂಟೆ ಆರೂವರೆ. ಕೈ ಬೇಕಾದ್ರೆ ಈಗ್ಲೇ ಕೊಡ್ತೀನಿ, ಚುಚ್ಚಿ ಹೊರಟ್ಹೋಗು. ಸಾಕ್ಷಿ ಹೇಳೋಕೆ ನಾನಿದೀನಲ್ಲ."

ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿ ಕೈ ಚಾಚಿಯೂಬಿಟ್ಟ. ಆ ಕೈ ಗಾಳಿಯಲ್ಲಿ ನಿಲ್ಲಲಾರದೆ ನಡುಗುತ್ತಿತ್ತು, ಆದರೆ ಹಿಂದಕ್ಕೆ ಹೋಗಲಿಲ್ಲ. ಅಡಿಗೆಮನೆಯ ಪಾತ್ರೆಯ ಸದ್ದು ನಿಂತಿತ್ತು. ಹನ್ನೊಂದಕ್ಕೆ ಇನ್ನು ನಾಲ್ಕೂವರೆ ಗಂಟೆ. ಮುತ್ತುರಾಜ ಚಾಚಿದ ಕೈಯನ್ನು ನೋಡಿದ, ಗಡಿಯಾರ ನೋಡಿದ, ಪೆನ್ನಿನ ಮುಚ್ಚಳ ಹಾಕಿದ. ಹೊತ್ತು ಬರೆಯುವ ಜಾಗವನ್ನು ಖಾಲಿ ಬಿಟ್ಟು ಸ್ಲೈಡನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಆಮೇಲೆ ಕುರ್ಚಿಯನ್ನು ಮಂಚದ ಎದುರಿಗೆ ಎಳೆದುಕೊಂಡು ಕೂತ.